ಮೀನಖಂಡದಲ್ಲೂ ಉಂಟು ಹೆಣ್ಣು-ಗಂಡಿನ ಅಂತರ

2023ರ ಜುಲೈ-ಆಗಸ್ಟ್ ತಿಂಗಳಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದ ಮಹಿಳೆಯರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಆಡಿದವರಷ್ಟೇ ಆಡದವರೂ ಸುದ್ದಿಯಾದರು. ಇಂಗ್ಲೆಂಡ್ ತಂಡದ ನಾಯಕಿ ಲಿಯಾ ವಿಲಿಯಮ್ಸನ್, ಅದೇ ತಂಡದ ಬೆತ್ ಮೀಡ್ ಹಾಗೂ ನೆದರ್ಲೆಂಡ್ಸ್‌ನ ವಿವಿಯಾನೆ ಮೀಡೆಮಾ ಪಂದ್ಯಾವಳಿಯಿಂದ ಹೊರಗುಳಿದರು. ಮೂವರೂ ಆಗ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಆಟಗಾರ್ತಿಯರು. ಮೂವರ ಸಂಕಟವೂ ಒಂದೇ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು.

ಪುರುಷರ ಕಡೆ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. 2010ರ ಮಾರ್ಚ್‌ನಲ್ಲಿ ಇಟಲಿಯ ಎ.ಸಿ. ಮಿಲಾನ್ ಪರ ಆಡುತ್ತಿದ್ದ ಡೇವಿಡ್ ಬೆಕ್ಹಾಮ್ ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು, ಆ ವರ್ಷದ ವಿಶ್ವಕಪ್ ಅವರ ಕೈತಪ್ಪಿತು. ಭಾರತದ ವೇಗದ ಬೌಲರ್ ಮೊಹಮ್ಮದ್ ಶಮಿ 2024ರ ಫೆಬ್ರವರಿಯಲ್ಲಿ ಇದೇ ರಜ್ಜುವಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಮೈದಾನದಿಂದ ದೂರವಿದ್ದರು.

ಪುರುಷರ ಮಂಡಿಗೆ ಪೆಟ್ಟಾಗುವುದಿಲ್ಲ, ಮಹಿಳೆಯರ ಹಿಮ್ಮಡಿಗೆ ನೋವಾಗುವುದಿಲ್ಲ ಎಂದು ಇದರ ಅರ್ಥವಲ್ಲ. ಆದರೆ ಒಲವು ಸ್ಪಷ್ಟವಾಗಿದೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂತಹ ಆಟಗಳಲ್ಲಿ ಎಸಿಎಲ್ ಹರಿಯುವ ಪ್ರಮಾಣ ಪುರುಷರಿಗಿಂತ ಮಹಿಳೆಯರಲ್ಲಿ ಎರಡೂವರೆಯಿಂದ ಮೂರೂವರೆ ಪಟ್ಟು ಹೆಚ್ಚು. ಹಿಮ್ಮಡಿಯ ರಜ್ಜು ಪೂರ್ತಿಯಾಗಿ ಹರಿದು ಆಸ್ಪತ್ರೆ ಸೇರುವವರಲ್ಲಿ ಪುರುಷರ ಸಂಖ್ಯೆಯೇ ಹಲವು ಪಟ್ಟು ಅಧಿಕ. ಕುತೂಹಲದ ಸಂಗತಿಯೆಂದರೆ, ಈ ಎರಡೂ ತಾಣಗಳು ಕಾಲಿನ ಒಂದೇ ಸ್ನಾಯು ಸಮೂಹದ ಎರಡು ತುದಿಗಳಲ್ಲಿವೆ. ಅದುವೇ ಮೀನಖಂಡ.

ನಡೆಯುವಾಗ, ಓಡುವಾಗ, ಜಿಗಿಯುವಾಗ ಮೀನಖಂಡ ಹೆಣ್ಣಿನಲ್ಲಿ ಮತ್ತು ಗಂಡಿನಲ್ಲಿ ಒಂದೇ ರೀತಿ ಕೆಲಸ ಮಾಡುತ್ತದೆಯೇ? ಇಲ್ಲ ಎನ್ನುತ್ತವೆ ಕಳೆದ ಎರಡು-ಮೂರು ದಶಕಗಳ ಅಧ್ಯಯನಗಳು. ಆ ಅಂತರ ಎಷ್ಟು, ಅದರಿಂದ ಸಾಮಾನ್ಯ ಜನರಿಗೆ ಆಗುವುದೇನು ಎಂಬುದನ್ನು ತಿಳಿಯುವುದು ಕ್ರೀಡಾಪಟುಗಳಿಗೆ ಮಾತ್ರವಲ್ಲ, ದಿನವಿಡೀ ನಿಂತು ದುಡಿಯುವವರಿಗೂ, ವಯಸ್ಸಾದವರಿಗೂ ಅಗತ್ಯ.

ಏನಿದು ಮೀನಖಂಡ?

ಮಂಡಿಯ ಕೆಳಗೆ, ಕಾಲಿನ ಹಿಂಬದಿಯಲ್ಲಿ ಮೀನಿನ ಆಕಾರದಲ್ಲಿ ಉಬ್ಬಿ ಕಾಣುವ ಭಾಗವೇ ಮೀನಖಂಡ. ಇದರಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಪದರದಲ್ಲಿರುವುದು ಗ್ಯಾಸ್ಟ್ರಾಕ್ನೀಮಿಯಸ್. ಗ್ರೀಕ್ ಮೂಲದ ಈ ಹೆಸರಿಗೆ 'ಕಾಲಿನ ಹೊಟ್ಟೆ' ಎಂಬ ಅರ್ಥವಿದೆ. ಇದಕ್ಕೆ ಒಳಬದಿಯಲ್ಲೊಂದು, ಹೊರಬದಿಯಲ್ಲೊಂದು ಎಂದು ಎರಡು ತಲೆಗಳು. ಎರಡೂ ಮಂಡಿಯ ಮೇಲೆ, ತೊಡೆಮೂಳೆಯ ತುದಿಯಿಂದ ಹೊರಡುತ್ತವೆ. ಇದರ ಅಡಿಯಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುವುದು ಸೋಲಿಯಸ್. ಇದು ಮಂಡಿಯ ಕೆಳಗೆ ಹುಟ್ಟುವುದರಿಂದ ಮಂಡಿಯ ಕೀಲನ್ನು ದಾಟುವುದಿಲ್ಲ.

ಎರಡೂ ಸ್ನಾಯುಗಳು ಕೆಳಗೆ ಬಂದು ಒಂದೇ ಹಗ್ಗವಾಗಿ ಹಿಮ್ಮಡಿಯ ಮೂಳೆಯನ್ನು ಹಿಡಿಯುತ್ತವೆ. ಆ ಹಗ್ಗಕ್ಕೆ ಅಕಿಲಿಸ್ ರಜ್ಜು ಎಂದು ಹೆಸರು. ನಮ್ಮ ದುರ್ಯೋಧನನಿಗೆ ತೊಡೆ ಹೇಗೋ, ಗ್ರೀಕ್ ಪುರಾಣದ ವೀರ ಅಕಿಲಿಸನಿಗೆ ಹಿಮ್ಮಡಿ ಹಾಗೆ. ಹೆಸರು ದುರ್ಬಲ ಸ್ಥಾನವನ್ನು ಸೂಚಿಸಿದರೂ ಇದು ಮಾನವ ದೇಹದ ಅತಿ ದಪ್ಪನೆಯ, ಅತಿ ಬಲಶಾಲಿ ಸ್ನಾಯುರಜ್ಜು. ಓಡುವಾಗ ದೇಹದ ತೂಕದ ಆರರಿಂದ ಎಂಟು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಅಂದರೆ 60 ಕಿಲೋ ತೂಕದ ವ್ಯಕ್ತಿಯ ರಜ್ಜು ಪ್ರತಿ ಹೆಜ್ಜೆಗೂ 360ರಿಂದ 480 ಕಿಲೋದಷ್ಟು ಎಳೆತವನ್ನು ತಾಳಿಕೊಳ್ಳಬೇಕು.

ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಎತ್ತಿ, ಬೆರಳುಗಳಿಂದ ನೆಲವನ್ನು ಹಿಂದಕ್ಕೆ ಒದ್ದು ದೇಹವನ್ನು ಮುಂದಕ್ಕೆ ತಳ್ಳುವುದು ಮೀನಖಂಡದ ಮುಖ್ಯ ಕೆಲಸ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ದೇಹವನ್ನು ಮುನ್ನಡೆಸುವ ಶಕ್ತಿಯಲ್ಲಿ ಅತಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಇದರಲ್ಲಿ ಸ್ನಾಯುವಿನ ಬಲವಷ್ಟೇ ಅಲ್ಲ, ರಜ್ಜುವಿನ ಸ್ಥಿತಿಸ್ಥಾಪಕ ಗುಣವೂ ಸೇರಿದೆ. ಪಾದ ನೆಲಕ್ಕೂರಿದಾಗ ರಜ್ಜು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಪಾದ ಮೇಲೇಳುವಾಗ ಅದನ್ನು ಹಿಂದಿರುಗಿಸುತ್ತದೆ.

ರಚನೆಯಲ್ಲೇ ವ್ಯತ್ಯಾಸ

ಪುರುಷರ ಸ್ನಾಯುಗಳು ದೊಡ್ಡವು ಎಂಬುದು ಎಲ್ಲರಿಗೂ ತಿಳಿದ ವಿಷಯ. 468 ಸ್ತ್ರೀ-ಪುರುಷರನ್ನು ಎಂಆರ್‌ಐ ಮೂಲಕ ಪರೀಕ್ಷಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಹಿಳೆಯರ ಸ್ನಾಯುವಿನ ಮೊತ್ತ ದೇಹದ ಮೇಲ್ಭಾಗದಲ್ಲಿ ಪುರುಷರಿಗಿಂತ ಸುಮಾರು ಶೇ. 40ರಷ್ಟು ಕಡಿಮೆ ಇದ್ದರೆ, ಕೆಳಭಾಗದಲ್ಲಿ ಈ ಅಂತರ ಶೇ. 33ರಷ್ಟು. ಎಂದರೆ ತೋಳಿನ ವಿಚಾರದಲ್ಲಿ ಇರುವಷ್ಟು ಅಂತರ ಕಾಲಿನ ವಿಚಾರದಲ್ಲಿ ಇಲ್ಲ.

ಆದರೆ ಗಾತ್ರಕ್ಕಿಂತ ಮುಖ್ಯವಾದುದು ಜೋಡಣೆ. ಮೀನಖಂಡದ ಎಳೆಗಳು ನೇರವಾಗಿ ಕೆಳಗಿಳಿಯುವುದಿಲ್ಲ. ಹಕ್ಕಿಯ ಗರಿಯ ಎಳೆಗಳಂತೆ ಓರೆಯಾಗಿ ಬಂದು ರಜ್ಜುವಿಗೆ ಸೇರುತ್ತವೆ. ಅಲ್ಟ್ರಾಸೌಂಡ್ ಬಳಸಿ ನಡೆಸಿದ ಪರೀಕ್ಷೆಗಳಲ್ಲಿ ಪುರುಷರ ಮೀನಖಂಡ ಹೆಚ್ಚು ದಪ್ಪವಾಗಿಯೂ, ಎಳೆಗಳ ಓರೆ ಹೆಚ್ಚು ಕಡಿದಾಗಿಯೂ ಇರುವುದು ಕಂಡುಬಂದಿದೆ. ಮಹಿಳೆಯರಲ್ಲಿ ಎಳೆಗಳ ಕಟ್ಟು ಸರಾಸರಿಯಲ್ಲಿ ಉದ್ದವಾಗಿದ್ದು, ಓರೆ ಕಡಿಮೆ. ಕಡಿದಾದ ಓರೆಯಿದ್ದಾಗ ಒಂದೇ ಜಾಗದಲ್ಲಿ ಹೆಚ್ಚು ಎಳೆಗಳನ್ನು ತುಂಬಬಹುದು, ಬಲ ಹೆಚ್ಚುತ್ತದೆ. ಉದ್ದದ ಎಳೆಗಳಿದ್ದಾಗ ಸ್ನಾಯು ಹೆಚ್ಚು ದೂರ ಹಿಗ್ಗಿ ಕುಗ್ಗಬಲ್ಲದು.

ರಜ್ಜುವಿನಲ್ಲೂ ವ್ಯತ್ಯಾಸವಿದೆ. ಮೀನಖಂಡದ ರಜ್ಜುವಿನ ಬಿಗಿತವನ್ನು ಅಳೆದು ಜಪಾನಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ವರದಿಯಂತೆ, ಮಹಿಳೆಯರ ರಜ್ಜು ಕಡಿಮೆ ಬಿಗಿ, ಹೆಚ್ಚು ಹಿಗ್ಗು. ಹಿಗ್ಗಿ ಕುಗ್ಗುವಾಗ ಅದರಲ್ಲಿ ಪೋಲಾಗುವ ಶಕ್ತಿಯೂ ಕಡಿಮೆ. ಇದು ಒಂದು ಬಗೆಯಲ್ಲಿ ವರ. ನಿಧಾನವಾದ, ದೀರ್ಘವಾದ ಚಲನೆಗೆ ಇಂತಹ ಮೃದುವಾದ ಸ್ಪ್ರಿಂಗ್ ಅನುಕೂಲ. ಆದರೆ ಕ್ಷಣಾರ್ಧದಲ್ಲಿ ಬಲ ಬೇಕಾದಾಗ ಬಿಗಿಯಾದ ಹಗ್ಗವೇ ಮೇಲು. ಸಡಿಲವಾದ ಹಗ್ಗದಿಂದ ಬಾವಿಯ ಕೊಡವನ್ನು ಎಳೆಯುವವರು ಮೊದಲು ಹಗ್ಗವನ್ನು ಬಿಗಿಗೊಳಿಸಿಕೊಳ್ಳಬೇಕಾಗುತ್ತದೆಯಲ್ಲವೇ? ಇದೂ ಹಾಗೆಯೇ.

ಇವೆಲ್ಲ ಸರಾಸರಿಯ ಮಾತುಗಳು. ನಿತ್ಯ ತಾಲೀಮು ಮಾಡುವ ಮಹಿಳೆಯ ಮೀನಖಂಡ, ಕುರ್ಚಿಯಲ್ಲೇ ದಿನ ಕಳೆಯುವ ಪುರುಷನ ಮೀನಖಂಡಕ್ಕಿಂತ ಎಷ್ಟೋ ಬಲಿಷ್ಠವಾಗಿರುತ್ತದೆ ಎಂಬುದನ್ನು ಮರೆಯಬಾರದು.

ಹೆಜ್ಜೆ ಸಣ್ಣದು, ಎಣಿಕೆ ದೊಡ್ಡದು

ಒಂದೇ ವೇಗದಲ್ಲಿ ನಡೆಯುವಾಗ ಮಹಿಳೆಯರು ಸಾಮಾನ್ಯವಾಗಿ ಚಿಕ್ಕ ಹೆಜ್ಜೆಗಳನ್ನು, ಹೆಚ್ಚು ಸಂಖ್ಯೆಯಲ್ಲಿ ಇಡುತ್ತಾರೆ. ಎತ್ತರ ಕಡಿಮೆ ಇರುವುದು ಇದಕ್ಕೆ ಮುಖ್ಯ ಕಾರಣ. ಇದರ ಪರಿಣಾಮವನ್ನು ಸರಳ ಲೆಕ್ಕದಲ್ಲಿ ತಿಳಿಯಬಹುದು. ಹೆಜ್ಜೆಯೊಂದಕ್ಕೆ 75 ಸೆಂಟಿಮೀಟರ್ ಸಾಗುವವರು ಒಂದು ಕಿಲೋಮೀಟರಿಗೆ ಸುಮಾರು 1,330 ಹೆಜ್ಜೆ ಹಾಕಿದರೆ, 65 ಸೆಂಟಿಮೀಟರ್ ಸಾಗುವವರು ಸುಮಾರು 1,540 ಹೆಜ್ಜೆ ಹಾಕಬೇಕು. ಅಂದರೆ ಗಂಡ-ಹೆಂಡತಿ ಜೊತೆಯಾಗಿ ಬೆಳಗಿನ ವಾಯುವಿಹಾರಕ್ಕೆ ಹೋಗಿ ಐದು ಕಿಲೋಮೀಟರ್ ನಡೆದು ಬಂದರೆ, ಇಬ್ಬರ ನಡುವೆ ಸುಮಾರು ಒಂದು ಸಾವಿರ ಹೆಜ್ಜೆಗಳ ವ್ಯತ್ಯಾಸವಾಗಬಹುದು.

ಆಯಾಸದ ಲೆಕ್ಕದಲ್ಲಿ ಮಹಿಳೆಯರದು ಮೇಲುಗೈ. ತಮ್ಮ ಗರಿಷ್ಠ ಬಲದ ಇಂತಿಷ್ಟು ಭಾಗವನ್ನು ಹಿಡಿದು ನಿಲ್ಲಿಸುವ ಪರೀಕ್ಷೆಗಳಲ್ಲಿ ಮಹಿಳೆಯರ ಸ್ನಾಯುಗಳು ಪುರುಷರಿಗಿಂತ ಹೆಚ್ಚು ಹೊತ್ತು ತಾಳುತ್ತವೆ. ದಪ್ಪನೆಯ ಸ್ನಾಯು ಬಲವಾಗಿ ಕುಗ್ಗಿದಾಗ ತನ್ನೊಳಗಿನ ರಕ್ತನಾಳಗಳನ್ನೇ ಹಿಚುಕಿಕೊಳ್ಳುವುದು ಇದಕ್ಕೆ ಒಂದು ಕಾರಣವಾದರೆ, ನಿಧಾನವಾಗಿ ದಣಿಯುವ ಬಗೆಯ ಎಳೆಗಳ ಪಾಲು ಮಹಿಳೆಯರಲ್ಲಿ ಹೆಚ್ಚಿರುವುದು ಇನ್ನೊಂದು ಕಾರಣ. ಆದರೆ ಈ ಅನುಕೂಲ ಎಲ್ಲ ಸ್ನಾಯುಗಳಲ್ಲಿ ಸಮನಾಗಿಲ್ಲ. ಚಲನೆಯ ವೇಗ ಹೆಚ್ಚಿದಂತೆ ಅಂತರ ಕುಗ್ಗುತ್ತದೆ.

ಮಂಡಿಗೂ ಮೀನಖಂಡಕ್ಕೂ ಏನು ನಂಟು?

ಓಡುತ್ತಿರುವ ಆಟಗಾರ್ತಿ ಎದುರಾಳಿಯನ್ನು ತಪ್ಪಿಸಲು ಥಟ್ಟನೆ ಪಕ್ಕಕ್ಕೆ ತಿರುಗುತ್ತಾಳೆ. ಯಾರೂ ಆಕೆಯನ್ನು ಮುಟ್ಟಿಲ್ಲ. ಆದರೂ ಮಂಡಿ ಹಿಡಿದು ಕುಸಿಯುತ್ತಾಳೆ. ಎಸಿಎಲ್ ಹರಿಯುವ ಬಹುಪಾಲು ಪ್ರಕರಣಗಳು ಹೀಗೆಯೇ ನಡೆಯುತ್ತವೆ.

ತೊಡೆಮೂಳೆಯ ಅಡಿಯಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವುದು ಎಸಿಎಲ್‌ನ ಕೆಲಸ. ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯ ಹಿಂದಿನಿಂದ ಹಾದುಹೋಗುವುದರಿಂದ, ಮಂಡಿ ಹೆಚ್ಚುಕಡಿಮೆ ನೇರವಾಗಿದ್ದಾಗ ಅದು ಬಲವಾಗಿ ಕುಗ್ಗಿದರೆ ಈ ಮೂಳೆಯನ್ನು ಮುಂದಕ್ಕೆ ತಳ್ಳುತ್ತದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸಂಶೋಧಕರು ಜೀವಂತ ವ್ಯಕ್ತಿಗಳ ಮಂಡಿಯೊಳಗೆ ಪುಟ್ಟ ಅಳತೆಮಾಪಕ ಅಳವಡಿಸಿ, ಈ ಸ್ನಾಯು ಕುಗ್ಗಿದಾಗ ಎಸಿಎಲ್ ಮೇಲಿನ ಎಳೆತ ಹೆಚ್ಚುವುದನ್ನು 2001ರಲ್ಲಿ ತೋರಿಸಿಕೊಟ್ಟರು. ಸೋಲಿಯಸ್‌ನ ವರ್ತನೆ ಇದಕ್ಕೆ ವಿರುದ್ಧ. ಪಾದ ನೆಲಕ್ಕೂರಿರುವಾಗ ಅದು ಮೊಣಕಾಲಿನ ಕೆಳಗಿನ ಮೂಳೆಯನ್ನು ಹಿಂದಕ್ಕೆ ಎಳೆದು ಎಸಿಎಲ್‌ಗೆ ನೆರವಾಗುತ್ತದೆ ಎಂದು ನಂತರದ ಅಧ್ಯಯನಗಳು ಸೂಚಿಸಿವೆ. ಒಂದೇ ಮೀನಖಂಡದಲ್ಲಿ ಒಬ್ಬ ಮಂಡಿಗೆ ಭಾರವಾದರೆ ಇನ್ನೊಬ್ಬ ಆಸರೆ!

2007ರಲ್ಲಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರು ಹದಿಹರೆಯದ ಉತ್ತಮ ದರ್ಜೆಯ ಫುಟ್‌ಬಾಲ್ ಆಟಗಾರರನ್ನೂ ಆಟಗಾರ್ತಿಯರನ್ನೂ ಪ್ರಯೋಗಾಲಯದಲ್ಲಿ ಓಡಿಸಿ, ಮುನ್ಸೂಚನೆಯಿಲ್ಲದೆ ದಿಕ್ಕು ಬದಲಿಸುವಂತೆ ಮಾಡಿ, ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಹುಡುಗಿಯರಲ್ಲಿ ಗ್ಯಾಸ್ಟ್ರಾಕ್ನೀಮಿಯಸ್ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತಿತ್ತು. ಅಷ್ಟೇ ಅಲ್ಲ, ಅದರ ಹೊರಬದಿಯ ತಲೆ ಒಳಬದಿಯ ತಲೆಗಿಂತ ಹೆಚ್ಚು ಶ್ರಮಿಸುತ್ತಿತ್ತು. ಹುಡುಗರಲ್ಲಿ ಈ ಅಸಮತೋಲನ ಕಾಣಲಿಲ್ಲ.

ಎಸಿಎಲ್ ಹರಿಯಲು ಮೀನಖಂಡವೊಂದೇ ಕಾರಣ ಎನ್ನಲಾಗದು. ಸೊಂಟ ಮತ್ತು ತೊಡೆಯ ಸ್ನಾಯುಗಳ ಬಲ, ಮಂಡಿ ಒಳಕ್ಕೆ ವಾಲುವ ರೀತಿ, ಮೂಳೆಗಳ ಆಕಾರ, ಮೈದಾನ, ಬೂಟು, ತರಬೇತಿಗೆ ದೊರೆತ ಸೌಕರ್ಯ ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ. ಆದರೆ ಒಂದು ವಿಚಾರ ಗಮನಾರ್ಹ. ಪಂದ್ಯಗಳ ವಿಡಿಯೋಗಳನ್ನು ವಿಶ್ಲೇಷಿಸಿದ ನಾರ್ವೆಯ ಸಂಶೋಧಕರು, ಪಾದ ನೆಲ ತಾಕಿದ ಸುಮಾರು 40 ಮಿಲಿಸೆಕೆಂಡುಗಳೊಳಗೆ ಎಸಿಎಲ್ ಹರಿಯುತ್ತದೆ ಎಂದು 2010ರಲ್ಲಿ ಅಂದಾಜಿಸಿದರು. ಕಣ್ಣೆವೆ ಇಕ್ಕುವುದಕ್ಕೂ ಇದಕ್ಕಿಂತ ಹೆಚ್ಚು ಸಮಯ ಬೇಕು. ಅಪಾಯವನ್ನು ಅರಿತು ಮೆದುಳು ಎಚ್ಚರಿಸುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದ ಪಾದ ನೆಲ ತಾಕುವ ಮೊದಲೇ ಸ್ನಾಯುಗಳು ಸಿದ್ಧವಾಗಿರಬೇಕು. ಈ ಸಿದ್ಧತೆ ಅಭ್ಯಾಸದಿಂದ ಬರುವಂಥದ್ದು. ಕಲಿಸಿದರೆ ಕಲಿಯಬಹುದಾದದ್ದು.

ಎರಡನೆಯ ಹೃದಯ

ಮೀನಖಂಡಕ್ಕೆ ಇನ್ನೊಂದು ಕೆಲಸವಿದೆ. ಪಾದಕ್ಕಿಳಿದ ರಕ್ತವನ್ನು ಗುರುತ್ವಕ್ಕೆ ವಿರುದ್ಧವಾಗಿ ಹೃದಯದತ್ತ ಮೇಲೆತ್ತುವುದು. ಸ್ನಾಯು ಕುಗ್ಗಿದಾಗ ಅದರ ನಡುವಿನ ಅಭಿಧಮನಿಗಳು ಹಿಂಡಿದಂತಾಗಿ ರಕ್ತ ಮೇಲಕ್ಕೆ ಚಿಮ್ಮುತ್ತದೆ. ನಾಳದೊಳಗಿನ ಕವಾಟಗಳು ಅದು ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ಈ ಕಾರಣಕ್ಕೆ ಇದನ್ನು ಎರಡನೆಯ ಹೃದಯ ಎನ್ನುವುದುಂಟು. ಅಲುಗಾಡದೆ ನಿಂತಾಗ ಪಾದದ ಅಭಿಧಮನಿಯಲ್ಲಿ 80ರಿಂದ 90 ಮಿಲಿಮೀಟರ್‌ಗಳಷ್ಟಿರುವ ಒತ್ತಡ, ನಡೆಯತೊಡಗಿದೊಡನೆ 30ರ ಆಸುಪಾಸಿಗೆ ಇಳಿಯುತ್ತದೆ. ನಡಿಗೆ ಕಷ್ಟವಲ್ಲ, ನಿಲ್ಲುವುದೇ ಕಷ್ಟ ಎಂದು ಹಿರಿಯರು ಹೇಳುವುದರಲ್ಲಿ ಸತ್ಯವಿದೆ.

ಕಾಲಿನ ರಕ್ತನಾಳ ಉಬ್ಬುವ ವೆರಿಕೋಸ್ ವೇನ್ಸ್ ತೊಂದರೆ ಮಹಿಳೆಯರದೇ ಎಂಬ ನಂಬಿಕೆ ವ್ಯಾಪಕವಾಗಿದೆ. ಚಿಕಿತ್ಸೆಗೆ ಬರುವವರಲ್ಲಿ ಮಹಿಳೆಯರೇ ಹೆಚ್ಚು. ಆದರೆ ಸ್ಕಾಟ್ಲೆಂಡ್‌ನ ಎಡಿನ್‌ಬರೋ ನಗರದಲ್ಲಿ ಸಾಮಾನ್ಯ ಜನರನ್ನು ಆರಿಸಿ ಪರೀಕ್ಷಿಸಿದಾಗ, ಮುಖ್ಯ ನಾಳಗಳ ಉಬ್ಬು ಪುರುಷರಲ್ಲಿ ಶೇ. 40, ಮಹಿಳೆಯರಲ್ಲಿ ಶೇ. 32 ಇರುವುದು ಕಂಡುಬಂತು. ಈ ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ಅಂದರೆ ಪುರುಷರು ಈ ತೊಂದರೆಯಿಂದ ಮುಕ್ತರೇನಲ್ಲ.

ಮಹಿಳೆಯರಿಗೆ ಪ್ರತ್ಯೇಕವಾದುದು ಗರ್ಭಾವಸ್ಥೆಯ ಹೊರೆ. ರಕ್ತದ ಪ್ರಮಾಣ ಹೆಚ್ಚುತ್ತದೆ, ಗರ್ಭಕೋಶ ಕಾಲಿನಿಂದ ಬರುವ ನಾಳಗಳನ್ನು ಒತ್ತುತ್ತದೆ, ಹಾರ್ಮೋನುಗಳು ನಾಳದ ಗೋಡೆಯನ್ನು ಸಡಿಲಿಸುತ್ತವೆ. ಕೊನೆಯ ತಿಂಗಳುಗಳಲ್ಲಿ ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯ. ಆದರೆ ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಅದನ್ನು ಸೆಳೆತವೆಂದು ತಿಳಿದು ಎಣ್ಣೆ ತಿಕ್ಕುತ್ತ ಕೂರಬಾರದು. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸೂಚನೆ ಅದಾಗಿರಬಹುದು. ಗರ್ಭಿಣಿಯರಲ್ಲಿ ಈ ಅಪಾಯ ನಾಲ್ಕೈದು ಪಟ್ಟು ಹೆಚ್ಚು. ಜೊತೆಗೆ ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಂತೇ ದುಡಿಯುವವರು

ಬಟ್ಟೆ ಅಂಗಡಿ, ಚಿನ್ನಾಭರಣ ಮಳಿಗೆಗಳಲ್ಲಿ ದಿನಕ್ಕೆ ಎಂಟು-ಹತ್ತು ಗಂಟೆ ನಿಂತೇ ಇರುವವರಲ್ಲಿ ಯುವತಿಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇವರು ನಡೆಯುವುದೂ ಇಲ್ಲ, ಕೂರುವುದೂ ಇಲ್ಲ. ಮೀನಖಂಡದ ಪಂಪು ಕೆಲಸ ಮಾಡದ ಸ್ಥಿತಿ ಇದು. ನೆರೆಯ ಕೇರಳದಲ್ಲಿ ಮಹಿಳಾ ಕಾರ್ಮಿಕರ ದೀರ್ಘ ಹೋರಾಟದ ಫಲವಾಗಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು 2018ರಲ್ಲಿ ಕಾನೂನಿನಲ್ಲೇ ಸೇರಿಸಲಾಯಿತು. ತಮಿಳುನಾಡು 2021ರಲ್ಲಿ ಇದೇ ಹಾದಿ ಹಿಡಿಯಿತು. ಒಂದು ಕುರ್ಚಿಗಾಗಿ ಕಾನೂನು ಬೇಕಾಯಿತೇ ಎಂದು ಅಚ್ಚರಿಪಡುವವರು ಒಂದು ದಿನ ಹತ್ತು ಗಂಟೆ ಅಲುಗಾಡದೆ ನಿಂತು ನೋಡಬಹುದು.

ಪಾದರಕ್ಷೆಯೂ ಮೀನಖಂಡದ ಸ್ವರೂಪವನ್ನೇ ಬದಲಿಸಬಲ್ಲದು. ಎರಡು ವರ್ಷಕ್ಕೂ ಹೆಚ್ಚು ಕಾಲ, ವಾರದಲ್ಲಿ ಐದು ದಿನ ಕನಿಷ್ಠ ಐದು ಸೆಂಟಿಮೀಟರ್ ಎತ್ತರದ ಹಿಮ್ಮಡಿಯ ಚಪ್ಪಲಿ ಧರಿಸಿದ ಮಹಿಳೆಯರ ಸಣ್ಣ ಗುಂಪೊಂದನ್ನು ವಿಯೆನ್ನಾ ಮತ್ತು ಮ್ಯಾಂಚೆಸ್ಟರ್‌ನ ಸಂಶೋಧಕರು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಸಾಮಾನ್ಯ ಚಪ್ಪಲಿ ಧರಿಸುವವರಲ್ಲಿ ಮೀನಖಂಡದ ಒಳಬದಿಯ ಎಳೆಗಳ ಉದ್ದ ಸರಾಸರಿ 56 ಮಿಲಿಮೀಟರ್ ಇದ್ದರೆ, ಇವರಲ್ಲಿ ಅದು 50 ಮಿಲಿಮೀಟರ್‌ಗೆ ಕುಗ್ಗಿತ್ತು. ಅಕಿಲಿಸ್ ರಜ್ಜು ದಪ್ಪಗಾಗಿ ಬಿಗಿದುಕೊಂಡಿತ್ತು. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಪ್ತಿ ಕಡಿಮೆಯಾಗಿತ್ತು. ಸಂಜೆ ಎತ್ತರದ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತಾಗ ಹಿಂಗಾಲು ಎಳೆದಂತಾಗುವುದು ಏಕೆಂಬುದಕ್ಕೆ ಉತ್ತರ ಇಲ್ಲಿದೆ. ಅಂತಹ ಚಪ್ಪಲಿಯನ್ನು ಅಪರೂಪಕ್ಕೆ ಧರಿಸುವುದರಿಂದ ಹೀಗಾಗುತ್ತದೆ ಎಂದು ಈ ಅಧ್ಯಯನ ಹೇಳುವುದಿಲ್ಲ.

ಪುರುಷನ ಅಳತೆ, ಸ್ತ್ರೀಯ ಚಿಕಿತ್ಸೆ

ಇಷ್ಟೆಲ್ಲ ವ್ಯತ್ಯಾಸ ತಿಳಿದಿದ್ದರೂ ತರಬೇತಿ ಮತ್ತು ಚಿಕಿತ್ಸೆಯ ಕ್ರಮಗಳು ಬಹುಪಾಲು ಪುರುಷರ ದೇಹವನ್ನೇ ಆಧರಿಸಿ ರೂಪುಗೊಂಡಿವೆ. ಅಕಿಲಿಸ್ ರಜ್ಜುವಿನ ದೀರ್ಘಕಾಲದ ನೋವಿಗೆ ಜಗತ್ತಿನಾದ್ಯಂತ ಹೇಳಿಕೊಡುವ ಒಂದು ವ್ಯಾಯಾಮವಿದೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ಈ ಕ್ರಮವನ್ನು ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಜನಪ್ರಿಯಗೊಳಿಸಿದರು. ದಿನಕ್ಕೆ ಎರಡು ಬಾರಿಯಂತೆ ಹನ್ನೆರಡು ವಾರ ಮಾಡಬೇಕಾದ ಈ ವ್ಯಾಯಾಮವನ್ನು ಅವರು ಪರೀಕ್ಷಿಸಿದ್ದು 15 ಮಂದಿಯ ಮೇಲೆ. ಅವರಲ್ಲಿ ಪುರುಷರು 12, ಮಹಿಳೆಯರು ಕೇವಲ 3. ವ್ಯಾಯಾಮ ಅನೇಕರ ನೋವು ನೀಗಿಸಿದ್ದು ನಿಜ. ಆದರೆ 2010ರಲ್ಲಿ ಜರ್ಮನಿಯ ಸಂಶೋಧಕರು ಸ್ತ್ರೀ-ಪುರುಷರನ್ನು ಹೋಲಿಸಿ ನೋಡಿದಾಗ, ಮಹಿಳೆಯರಿಗೆ ಇದರಿಂದ ಪುರುಷರಷ್ಟು ಲಾಭ ದೊರೆತಿರಲಿಲ್ಲ.

ಏಕೆ ಹೀಗೆ? ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ನಡೆದ ಅಧ್ಯಯನಗಳು ಒಂದು ಸುಳಿವು ನೀಡುತ್ತವೆ. ವರ್ಷಗಟ್ಟಲೆ ಓಡುವ ಪುರುಷರ ಅಕಿಲಿಸ್ ರಜ್ಜು, ಓಡದ ಪುರುಷರ ರಜ್ಜುವಿಗಿಂತ ದಪ್ಪವಾಗಿತ್ತು. ಮಹಿಳೆಯರಲ್ಲಿ ಓಡುವವರಿಗೂ ಓಡದವರಿಗೂ ಅಂತಹ ಅಂತರ ಕಾಣಲಿಲ್ಲ. ಭಾರಕ್ಕೆ ರಜ್ಜು ಹೊಂದಿಕೊಳ್ಳುವ ರೀತಿಯೇ ಬೇರೆ ಇರಬಹುದು ಎಂಬುದು ಇದರ ಸೂಚನೆ. ಹಾಗಿದ್ದ ಮೇಲೆ ಒಂದೇ ಪಟ್ಟಿಯ ವ್ಯಾಯಾಮವನ್ನು ಒಂದೇ ಅವಧಿಗೆ ಇಬ್ಬರಿಗೂ ಬರೆದುಕೊಡುವುದು ಎಷ್ಟು ಸರಿ? ನಿಗದಿತ ಅವಧಿಯಲ್ಲಿ ಗುಣವಾಗದ ಮಹಿಳೆಯನ್ನು 'ಸರಿಯಾಗಿ ವ್ಯಾಯಾಮ ಮಾಡಿಲ್ಲ' ಎಂದು ದೂರುವ ಮುನ್ನ ಈ ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ.

2014ರಿಂದ 2020ರವರೆಗೆ ಪ್ರಮುಖ ಕ್ರೀಡಾವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದ ಐದು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಪರಿಶೀಲಿಸಿದ ವರದಿಯೊಂದು 2021ರಲ್ಲಿ ಹೊರಬಂತು. ಪರೀಕ್ಷೆಗೆ ಒಳಗಾದವರಲ್ಲಿ ಮಹಿಳೆಯರು ಶೇ. 34 ಮಾತ್ರ. ಕೇವಲ ಪುರುಷರ ಮೇಲೆ ನಡೆದ ಅಧ್ಯಯನಗಳು ಶೇ. 31 ಇದ್ದರೆ, ಕೇವಲ ಮಹಿಳೆಯರ ಮೇಲೆ ನಡೆದವು ಶೇ. 6. ಮೀನಖಂಡದ ಕುರಿತ ತಿಳಿವಳಿಕೆಯೂ ಈ ಓರೆಯಿಂದ ಹೊರತಲ್ಲ.

ಹಾಗಾದರೆ ಮಾಡುವುದೇನು?

ಪರಿಹಾರ ದುಬಾರಿಯೇನಲ್ಲ. ಅಂತಾರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವಾದ ಫಿಫಾ ಜೊತೆಗೂಡಿ ತಜ್ಞರು ರೂಪಿಸಿದ 'ಹನ್ನೊಂದು ಪ್ಲಸ್' ಎಂಬ ಇಪ್ಪತ್ತು ನಿಮಿಷಗಳ ಪೂರ್ವಾಭ್ಯಾಸ ಕ್ರಮದಲ್ಲಿ ನಿಧಾನ ಓಟ, ಒಂಟಿಕಾಲಿನ ಸಮತೋಲನ, ಜಿಗಿದು ಮೃದುವಾಗಿ ಇಳಿಯುವುದು, ಓಡುತ್ತಲೇ ತಿರುಗುವುದು ಸೇರಿವೆ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಈ ಕ್ರಮ ಅನುಸರಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗ, ತೀವ್ರ ಗಾಯಗಳು ಸುಮಾರು ಶೇ. 45ರಷ್ಟು ಕಡಿಮೆಯಾಗಿದ್ದವು. ಇದಕ್ಕೆ ಬೇಕಾದದ್ದು ಮೈದಾನ, ಚೆಂಡು ಮತ್ತು ಕಲಿಸುವ ಮನಸ್ಸು ಮಾತ್ರ. ಶಾಲೆ ಕಾಲೇಜುಗಳ ಕಬಡ್ಡಿ, ಥ್ರೋಬಾಲ್, ವಾಲಿಬಾಲ್ ತಂಡಗಳ ದೈಹಿಕ ಶಿಕ್ಷಕರೂ ಜಿಗಿದು ಇಳಿಯುವ ಸರಿಯಾದ ಕ್ರಮವನ್ನು ಹುಡುಗಿಯರಿಗೆ ಮೊದಲೇ ಕಲಿಸಬಹುದು.

ಸಾಮಾನ್ಯರು ತಮ್ಮ ಮೀನಖಂಡದ ಸ್ಥಿತಿಯನ್ನು ಮನೆಯಲ್ಲೇ ತಿಳಿಯಬಹುದು. ಗೋಡೆಗೆ ಬೆರಳ ತುದಿಯನ್ನಷ್ಟೇ ತಾಗಿಸಿ, ಮಂಡಿ ಬಗ್ಗಿಸದೆ ಒಂಟಿಕಾಲಿನಲ್ಲಿ ನಿಂತು, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸುತ್ತಾ ಎಣಿಸಬೇಕು. ಆರೋಗ್ಯವಂತ ವಯಸ್ಕರಿಗೆ 25 ಬಾರಿ ಎಂಬ ಅಳತೆಯನ್ನು ವೈದ್ಯಕೀಯ ವಲಯ ಬಹುಕಾಲ ಬಳಸಿದೆ. ವಯಸ್ಸಾದಂತೆ ಈ ಸಂಖ್ಯೆ ಇಳಿಯುತ್ತದೆ. ಮಹಿಳೆಯರಲ್ಲಿ ಸರಾಸರಿ ತುಸು ಕಡಿಮೆ ಎಂದೂ ಅಧ್ಯಯನಗಳು ತೋರಿಸಿವೆ. ಆದ್ದರಿಂದ 25 ತಲುಪದವರು ಗಾಬರಿಪಡಬೇಕಿಲ್ಲ. ಆದರೆ ಎರಡು ಕಾಲುಗಳ ನಡುವೆ ದೊಡ್ಡ ಅಂತರವಿದ್ದರೆ ಗಮನ ಕೊಡಬೇಕು. ನೋವಿದ್ದವರು, ತೋಲನ ತಪ್ಪುವವರು ಒಬ್ಬರೇ ಇದನ್ನು ಮಾಡಬಾರದು.

ಮಂಡಿ ನೇರವಾಗಿಟ್ಟು ಹಿಮ್ಮಡಿ ಎತ್ತಿದರೆ ಗ್ಯಾಸ್ಟ್ರಾಕ್ನೀಮಿಯಸ್‌ಗೆ, ಮಂಡಿ ಬಗ್ಗಿಸಿ ಎತ್ತಿದರೆ ಸೋಲಿಯಸ್‌ಗೆ ಹೆಚ್ಚು ವ್ಯಾಯಾಮ. ಮಂಡಿಗೆ ಆಸರೆಯಾಗುವ ಸ್ನಾಯು ಎರಡನೆಯದು ಎಂಬುದನ್ನು ನೆನೆದರೆ, ಆಟವಾಡುವ ಹುಡುಗಿಯರಿಗೆ ಎರಡೂ ಬಗೆಯ ಅಭ್ಯಾಸ ಏಕೆ ಬೇಕೆಂಬುದು ತಿಳಿಯುತ್ತದೆ. ನಿಂತೇ ಕೆಲಸ ಮಾಡುವವರು ಆಗಾಗ ಹತ್ತು-ಹದಿನೈದು ಬಾರಿ ಹಿಮ್ಮಡಿ ಎತ್ತಿ ಇಳಿಸಿದರೆ ಕಾಲಿನ ಪಂಪು ಚಾಲನೆಗೊಳ್ಳುತ್ತದೆ. ವಾರಕ್ಕೊಮ್ಮೆ ಮಾತ್ರ ಕ್ರಿಕೆಟ್, ಷಟಲ್ ಆಡಲು ಇಳಿಯುವ ಮೂವತ್ತು ದಾಟಿದ ಪುರುಷರು ಮೈ ಬಿಸಿ ಮಾಡಿಕೊಳ್ಳದೆ ಒಮ್ಮೆಲೇ ಓಡುವುದನ್ನು ಬಿಡಬೇಕು. ಅಕಿಲಿಸ್ ರಜ್ಜು ಹರಿಯುವುದು ಹೆಚ್ಚಾಗಿ ಇಂಥವರಲ್ಲೇ. ಹಿಂದಿನಿಂದ ಯಾರೋ ಒದ್ದಂತೆ ಭಾಸವಾಗಿ ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಅದೇ ಅದರ ಲಕ್ಷಣ.

ಹಿರಿಯರ ವಿಚಾರದಲ್ಲಿ ಮೀನಖಂಡದ ಮಹತ್ವ ಇನ್ನೂ ಹೆಚ್ಚು. ವಯಸ್ಸಾದವರು ನಡೆಯುವಾಗ ಪಾದದ ತಳ್ಳುವಿಕೆ ಕುಗ್ಗಿ, ಆ ಹೊಣೆಯನ್ನು ಸೊಂಟದ ಸ್ನಾಯುಗಳು ಹೊರುತ್ತವೆ. ಹೆಜ್ಜೆ ಚಿಕ್ಕದಾಗುತ್ತದೆ, ಪಾದ ಎಳೆಯುತ್ತದೆ, ಎಡವುವುದು ಹೆಚ್ಚುತ್ತದೆ. ಮುಟ್ಟು ನಿಂತ ನಂತರ ಮೂಳೆ ಸವೆಯುವ ಮಹಿಳೆಯರಲ್ಲಿ ಒಂದು ಸಣ್ಣ ಬೀಳುವಿಕೆಯೂ ಸೊಂಟದ ಮೂಳೆಮುರಿತಕ್ಕೆ ಕಾರಣವಾಗಬಲ್ಲದು. ಮನೆಯ ಅಜ್ಜಿ, ಅಮ್ಮಂದಿರು ಅಡುಗೆಮನೆಯ ಕಟ್ಟೆ ಹಿಡಿದು ಎರಡೂ ಹಿಮ್ಮಡಿಗಳನ್ನು ದಿನಕ್ಕೆ ಒಂದಷ್ಟು ಬಾರಿ ಎತ್ತಿ ಇಳಿಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಹೆಣ್ಣಿನ ಮೀನಖಂಡ ಗಂಡಿನದಕ್ಕಿಂತ ಕೀಳೂ ಅಲ್ಲ, ಅದರ ಚಿಕ್ಕ ಪ್ರತಿಯೂ ಅಲ್ಲ. ಬಲ ಕಡಿಮೆಯಾದಲ್ಲಿ ತಾಳಿಕೆ ಹೆಚ್ಚು, ಬಿಗಿತ ಕಡಿಮೆಯಾದಲ್ಲಿ ಹಿಗ್ಗು ಹೆಚ್ಚು. ಈ ಅಂತರವನ್ನು ಒಪ್ಪಿಕೊಂಡು ತರಬೇತಿ, ಚಿಕಿತ್ಸೆ ಮತ್ತು ಕೆಲಸದ ಜಾಗವನ್ನು ರೂಪಿಸಿದರೆ ಎಷ್ಟೋ ಮಂಡಿಗಳೂ ಹಿಮ್ಮಡಿಗಳೂ ಉಳಿದಾವು.